ದಾನಿಯ ಹೆಸರು: ಶಿವಮೊಗ್ಗೆಯ ಸೀಮೆಯಲ್ಲಿ ಜನಪ್ರತಿನಿಧಿಯೂ ಚುನಾವಣೆಯ ದ್ರವ್ಯವೂ

೧

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಹೆದ್ದಾರಿಯ ಮೇಲಿರುವ ಮಾಚೇನಹಳ್ಳಿಯು ಈಗ ಕೈಗಾರಿಕೆಗಳ ಪ್ರದೇಶವಾಗಿದೆ. ಅದರ ಒಂದು ಕಡೆಗೆ, ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಪಟ್ಟಣ. ಇನ್ನೊಂದು ಕಡೆಗೆ, ಭತ್ತ ಅಡಿಕೆಗಳ ಮಲೆನಾಡಿಗೆ ಬಾಗಿಲಿನಂತಿರುವ ಜಿಲ್ಲೆಯ ಮುಖ್ಯಸ್ಥಳ. ಕಾರ್ಖಾನೆಯ ಕೂಲಿಕಾರನೂ, ಹೊಲದ ರೈತನೂ, ಮಂಡಿಯ ವರ್ತಕನೂ ಕೂಡಿ ಇಲ್ಲಿಂದ ಒಬ್ಬನೇ ಪ್ರತಿನಿಧಿಯನ್ನು ದೆಹಲಿಯ ಲೋಕಸಭೆಗೆ ಕಳುಹಿಸುತ್ತಾರೆ. ಆ ಪ್ರತಿನಿಧಿಯು ಸಭೆಯಲ್ಲಿ ಏನು ಮಾಡಿದನೆಂದು ವಿಚಾರಿಸುವವರು ಬಹು ಮಂದಿ. ಅವನನ್ನು ಅಲ್ಲಿಗೆ ಮುಟ್ಟಿಸಿದ ದ್ರವ್ಯವು ಯಾರದೆಂದು ವಿಚಾರಿಸುವವರು ವಿರಳ. ಎರಡನ್ನೂ ಕೂಡಿಸಿ ನೋಡದಿದ್ದಲ್ಲಿ ಮೊದಲನೆಯದರ ವಿಷಯದಲ್ಲಿಯೂ ನಿರ್ಣಯವು ಅಪೂರ್ಣವಾಗುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ದ್ರವ್ಯವನ್ನು ಕೊಟ್ಟವನ ಹೆಸರನ್ನು ಪ್ರಕಟಿಸುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ. ಬಿ. ಎಲ್. ರೈಸರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ೧೯೦೨ ಮತ್ತು ೧೯೦೪ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ೭ನೆಯ ಮತ್ತು ೮ನೆಯ ಸಂಪುಟಗಳಾಗಿ ಪ್ರಕಟಿಸಿದರು. ಅವುಗಳೊಳಗಿನ ದತ್ತಿಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮವು ಪರಿಚಿತವೇ: ದಾನಿಯಾರು, ಪಡೆದವನಾರು, ಕೊಟ್ಟುದೇನು, ಭೂಮಿಯ ಎಲ್ಲೆಗಳಾವುವು, ಯಾವ ಕಾರ್ಯಕ್ಕಾಗಿ ಎಂಬಿವನ್ನು ಹೇಳಿ, ಕಡೆಯಲ್ಲಿ ಧರ್ಮವನ್ನು ಕೆಡಿಸಿದವನಿಗೆ ಶಾಪವನ್ನು ಬರೆಯುವುದು ವಾಡಿಕೆ. ದಾನವು ಪುಣ್ಯಕಾರ್ಯವಾದರೂ ಅದರ ಲೆಕ್ಕವು ಊರವರ ಕಣ್ಣೆದುರಿಗೆ ಕಲ್ಲಿನಲ್ಲಿ ನಿಲ್ಲುತ್ತಿತ್ತು.

ಧರ್ಮಶಾಸ್ತ್ರಕಾರರಾದರೂ ದಾನವನ್ನು ಎಷ್ಟು ಹೊಗಳಿದರೋ ಪ್ರತಿಗ್ರಹದ ವಿಷಯದಲ್ಲಿ ಅಷ್ಟೇ ಎಚ್ಚರಿಕೆಯನ್ನು ಹೇಳಿದರು. ಪ್ರತಿಗ್ರಹಕ್ಕೆ ಅರ್ಹನಾದವನು ಕೂಡ ಅದರಲ್ಲಿ ಆಸಕ್ತನಾಗಲಾಗದು, ಅದರಿಂದ ತೇಜಸ್ಸು ಬೇಗನೆ ಕುಂದುವುದು ಎಂಬುದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಅಭಿಪ್ರಾಯ. ಅಲ್ಲಿ ಉದ್ದಿಷ್ಟನಾದವನು ಬ್ರಾಹ್ಮಣನು. ಆದರೆ ಪಡೆದವನು ಕೊಟ್ಟವನಿಗೆ ಕಟ್ಟುಬೀಳುವನೆಂಬ ನ್ಯಾಯವು ಜನಪ್ರತಿನಿಧಿಗೂ ಸಲ್ಲದೆ ಇರದು.

೩

ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಗಾಗಿ ೧೯೫೧ರಲ್ಲಿ ಆದ ಪ್ರಜಾಪ್ರಾತಿನಿಧ್ಯದ ಕಾನೂನು ಈ ಮಾರ್ಗವನ್ನು ಹಿಡಿಯಲಿಲ್ಲ. ಲೋಕಸಭೆಯ ಅಭ್ಯರ್ಥಿಯು ೫೦೦ ರೂಪಾಯಿಗಳನ್ನು ಠೇವಣಿಯಾಗಿ ಇಡತಕ್ಕದ್ದು, ಗೊತ್ತಾದ ಮಿತಿಯೊಳಗೆ ವೆಚ್ಚಮಾಡತಕ್ಕದ್ದು, ವೆಚ್ಚದ ಲೆಕ್ಕವನ್ನು ಒಪ್ಪಿಸತಕ್ಕದ್ದು ಎಂದು ವಿಧಿಸಲಾಯಿತು. ಬಹುತೇಕ ರಾಜ್ಯಗಳಲ್ಲಿ ಆ ಮಿತಿಯು ೨೫,೦೦೦ ರೂಪಾಯಿ. ಹಣವು ಹೋದ ದಾರಿಯನ್ನು ಕಾನೂನು ಕೇಳಿತು. ಬಂದ ದಾರಿಯನ್ನು ಕೇಳಲಿಲ್ಲ. ಶಾಸನದ ಕಲ್ಲಿನಲ್ಲಿ ಮೊದಲು ಬರುತ್ತಿದ್ದ ದಾನಿಯ ಹೆಸರು ಚುನಾವಣೆಯ ಲೆಕ್ಕದಲ್ಲಿ ಕಾಣದಂತಾಯಿತು.

೪

ಕಾನೂನು ಬಿಟ್ಟ ಈ ಪ್ರಶ್ನೆಗೆ ಮಲೆನಾಡಿನಲ್ಲಿ ಆಚರಣೆಯ ಮೂಲಕ ಉತ್ತರವೊಂದು ದೊರೆಯಿತು. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹವು ನಡೆಯಿತು. ಗೇಣಿಯ ಭತ್ತವನ್ನು ಅಳೆಯುವಾಗ ಒಡೆಯರು ಹಿರಿದಾದ ಕೊಳಗವನ್ನು ಬಳಸುತ್ತಿದ್ದರೆಂಬುದು ಅಲ್ಲಿಯ ಮುಖ್ಯ ದೂರು. ಅಳತೆಯು ಸರಿಯಾಗಿರಬೇಕು, ಎಲ್ಲರಿಗೂ ತಿಳಿದಿರಬೇಕು ಎಂಬುದೇ ಬೇಡಿಕೆಯ ಸಾರ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ಈ ಹೋರಾಟದಲ್ಲಿ ಮುಂದಾಳಾಗಿದ್ದ ಶಾಂತವೇರಿ ಗೋಪಾಲಗೌಡರು (೧೯೨೩–೧೯೭೨) ೧೯೫೨ರಲ್ಲಿ ಸಮಾಜವಾದಿ ಪಕ್ಷದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು; ೧೯೫೭ರಲ್ಲಿ ಸೋತು, ೧೯೬೨ ಮತ್ತು ೧೯೬೭ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಗೆದ್ದರು.

ಒಂದು ವೋಟಿನೊಡನೆ ಒಂದು ನೋಟನ್ನೂ ಕೊಡಿರೆಂದು ಇವರು ಮತದಾರರನ್ನು ಕೇಳುತ್ತಿದ್ದುದು ಆ ಸೀಮೆಯಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ಇದನ್ನು ಬಡ ಅಭ್ಯರ್ಥಿಯ ಯಾಚನೆಯೆಂದಷ್ಟೇ ತಿಳಿಯುವುದು ಸರಿಯಲ್ಲ. ಅಭ್ಯರ್ಥಿಯು ಮತದಾರನಿಗೆ ಹಣವನ್ನು ಹಂಚುವ ರೂಢಿಗೆ ಇದು ನೇರವಾದ ಪ್ರತಿಕ್ರಮ. ವೋಟನ್ನು ಕೊಡುವ ಕೈಯೇ ನೋಟನ್ನೂ ಕೊಟ್ಟರೆ ಪ್ರತಿನಿಧಿಯು ಇಬ್ಬರು ಒಡೆಯರಿಗೆ ದುಡಿಯಬೇಕಾಗುವುದಿಲ್ಲ. ಸಾವಿರ ಮಂದಿಯ ಸಣ್ಣ ನೋಟುಗಳು ಸಾವಿರ ಮಂದಿಯ ಹಕ್ಕನ್ನು ಸ್ಥಾಪಿಸುತ್ತವೆ; ಒಬ್ಬನ ದೊಡ್ಡ ಥೈಲಿಯು ಆ ಒಬ್ಬನ ಹಕ್ಕನ್ನೇ ಸ್ಥಾಪಿಸುತ್ತದೆ.

೫

ಇದೇ ಸಮಾಜವಾದಿ ಸಂಪ್ರದಾಯದಲ್ಲಿ ಬೆಳೆದ ಜೆ. ಎಚ್. ಪಟೇಲರು (೧೯೩೦–೨೦೦೦) ೧೯೬೭ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದ ಲೋಕಸಭಾ ಸದಸ್ಯರಾದರು. ಇವರ ಜನ್ಮಸ್ಥಳವಾದ ಕಾರಿಗನೂರು ಚನ್ನಗಿರಿ ತಾಲ್ಲೂಕಿನದು. ಆ ತಾಲ್ಲೂಕು ೧೯೯೭ರವರೆಗೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ಇವರಿಗಿಂತ ಮೊದಲು, ೧೯೬೨ರಿಂದ ಈ ಕ್ಷೇತ್ರದ ಸದಸ್ಯರಾಗಿದ್ದ ಕಾಂಗ್ರೆಸ್ಸಿನ ಎಸ್. ವಿ. ಕೃಷ್ಣಮೂರ್ತಿರಾಯರು ಲೋಕಸಭೆಯ ಉಪಸಭಾಧ್ಯಕ್ಷರಾಗಿದ್ದವರು.

ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಭಾಷಣಮಾಡಿದ ಮೊದಲಿಗರೆಂದು ಖ್ಯಾತರಾಗಿದ್ದಾರೆ. ಸಂವಿಧಾನದ ೧೨೦ನೆಯ ಅನುಚ್ಛೇದದಂತೆ ಸಂಸತ್ತಿನ ವ್ಯವಹಾರವು ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಅವುಗಳಲ್ಲಿ ಅಭಿಪ್ರಾಯವನ್ನು ಸಾಕಷ್ಟು ತಿಳಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಪಟೇಲರು ಕಾನೂನಿನ ಪದವೀಧರರು. ಇಂಗ್ಲಿಷು ಬಾರದೆ ಕನ್ನಡವನ್ನು ಆಶ್ರಯಿಸಿದವರಲ್ಲ. ಪ್ರತಿನಿಧಿಯ ಮಾತು ಅವನನ್ನು ಕಳುಹಿಸಿದವರಿಗೆ ತಿಳಿಯುವಂತಿರಬೇಕೆಂಬ ಲೋಹಿಯಾ ಪಂಥದ ತತ್ತ್ವವೇ ಇಲ್ಲಿ ಆಚರಣೆಗೆ ಬಂದಿತು. ನೋಟಿನ ನೀತಿಗೂ ನುಡಿಯ ನೀತಿಗೂ ಮೂಲವು ಒಂದೇ: ಒಂದರಲ್ಲಿ ಪ್ರತಿನಿಧಿಯು ಮತದಾರನಿಂದ ಪಡೆಯುತ್ತಾನೆ, ಇನ್ನೊಂದರಲ್ಲಿ ಮತದಾರನಿಗೆ ಲೆಕ್ಕವನ್ನೊಪ್ಪಿಸುತ್ತಾನೆ. ಆದರೂ ಪಕ್ಷದ ಸಂಪ್ರದಾಯವೊಂದರಿಂದಲೇ ಒಬ್ಬೊಬ್ಬ ಅಭ್ಯರ್ಥಿಯ ಆದಾಯವನ್ನು ಊಹಿಸಿ ಹೇಳುವುದು ಸಾಧುವಲ್ಲ. ಕಾನೂನು ಮೂಲವನ್ನೇ ಕೇಳದಿದ್ದುದರ ಫಲವಿದು.

೬

ದೊಡ್ಡ ಥೈಲಿಯ ಪ್ರಶ್ನೆಯು ಅಷ್ಟರಲ್ಲಿ ನ್ಯಾಯಾಲಯಗಳಿಗೆ ಬಂದಿದ್ದಿತು. ರಾಜಕೀಯ ಪಕ್ಷಗಳಿಗೆ ಹಣ ಕೊಡಲು ಟಾಟಾ ಕಬ್ಬಿಣ ಉಕ್ಕಿನ ಕಂಪೆನಿಯು ೧೯೫೭ರಲ್ಲಿ ಅನುಮತಿ ಬೇಡಿದಾಗ, ಮುಂಬಯಿಯ ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರು ಕಾನೂನಿನಂತೆ ಅದನ್ನು ಒಪ್ಪಿದರೂ, ಇದರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವುಂಟೆಂದು ಎಚ್ಚರಿಸಿದರು. ೧೯೬೦ರಲ್ಲಿ ಇಂಥ ಕೊಡುಗೆಗೆ ಮಿತಿಯನ್ನು ಕಟ್ಟಿ, ಕಂಪೆನಿಯ ಲೆಕ್ಕದಲ್ಲಿ ತೋರಿಸಬೇಕೆಂದು ವಿಧಿಸಲಾಯಿತು. ೧೯೬೯ರಲ್ಲಿ, ಪಟೇಲರು ಸದಸ್ಯರಾಗಿದ್ದ ನಾಲ್ಕನೆಯ ಲೋಕಸಭೆಯ ಕಾಲದಲ್ಲಿಯೇ, ಅದನ್ನು ಪೂರ್ಣವಾಗಿ ನಿಷೇಧಿಸಲಾಯಿತು. ನಿಷೇಧದ ಆಶಯವು ಒಳ್ಳೆಯದು. ಆದರೆ ಚುನಾವಣೆಯ ವೆಚ್ಚವನ್ನು ತುಂಬಿಕೊಡುವ ಬೇರೆ ಏರ್ಪಾಡು ಜೊತೆಗೆ ಬರಲಿಲ್ಲ. ಲೆಕ್ಕಕ್ಕೆ ಬರುತ್ತಿದ್ದ ಕೊಡುಗೆಯ ಬಾಗಿಲು ಮುಚ್ಚಿತು. ಲೆಕ್ಕವಿಲ್ಲದ ಹಣಕ್ಕೆ ಹಿತ್ತಿಲು ತೆರೆದೇ ಇದ್ದಿತು.

ಪಕ್ಷವು ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ಕಾನೂನನ್ನು ತಿದ್ದಿ ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು. ೧೯೮೫ರಲ್ಲಿ ಕಂಪೆನಿಗಳ ಕೊಡುಗೆಗೆ ಮರಳಿ ಅನುಮತಿ ಬಂದಿತು. ೨೦೦೩ರಲ್ಲಿ ೨೦,೦೦೦ ರೂಪಾಯಿಗಳಿಗೆ ಮೀರಿದ ಕೊಡುಗೆಯನ್ನು ಪಕ್ಷಗಳು ವರದಿಮಾಡಬೇಕೆಂಬ ವಿಧಿಯಾಯಿತು; ದಾನಿಯ ಹೆಸರು ಅರ್ಧವಾದರೂ ಮೇಲಕ್ಕೆ ಬಂದಿತೆನ್ನಬಹುದು. ೨೦೧೮ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳು ಅದನ್ನು ಮತ್ತೆ ಮರೆಮಾಡಿದವು. ಮತದಾರನ ತಿಳಿಯುವ ಹಕ್ಕಿಗೆ ಇದು ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ೨೦೨೪ರ ಫೆಬ್ರವರಿ ೧೫ರಂದು ಆ ಯೋಜನೆಯನ್ನು ರದ್ದುಗೊಳಿಸಿತು. ಇತ್ತ ೨೦೨೨ರಲ್ಲಿ ಕರ್ನಾಟಕದಂತಹ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿಯು ೯೫ ಲಕ್ಷ ರೂಪಾಯಿಗಳಿಗೆ ಏರಿತು. ಪಕ್ಷದ ವೆಚ್ಚಕ್ಕೆ ಮಿತಿಯನ್ನೇ ಗೊತ್ತುಮಾಡಲಿಲ್ಲ.

೭

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ವೆಚ್ಚದ ಮಿತಿಯನ್ನು ಏರಿಸುವುದರಿಂದಾಗಲಿ ಇಳಿಸುವುದರಿಂದಾಗಲಿ ಪ್ರತಿನಿಧಿಯ ಸ್ವಾತಂತ್ರ್ಯವು ನಿಲ್ಲುವುದಿಲ್ಲ. ಕೊಟ್ಟವನು ಯಾರೆಂದು ಮತದಾರನಿಗೆ ಮತದಾನಕ್ಕೆ ಮೊದಲೇ ತಿಳಿದಾಗ ಮಾತ್ರ, ಪ್ರತಿನಿಧಿಯು ಸಭೆಯಲ್ಲಿ ಆಡಿದ ಮಾತನ್ನೂ ಆಡದೆ ಉಳಿದ ಮಾತನ್ನೂ ಅವನು ಸರಿಯಾಗಿ ತೂಗಬಲ್ಲನು. ಮಾಚೇನಹಳ್ಳಿಯ ಡೈರಿಗೆ ಹಳ್ಳಿಯ ಸಂಘಗಳಿಂದ ಬರುವ ಹಾಲಿಗೆ, ಹಾಕಿದವರ ಹೆಸರೂ ಅಳತೆಯೂ ಪುಸ್ತಕದಲ್ಲಿ ದಾಖಲಾಗುತ್ತವೆ. ರಾಷ್ಟ್ರದ ಶಾಸನವನ್ನು ಮಾಡುವವನಿಗೆ ಸಲ್ಲುವ ದ್ರವ್ಯಕ್ಕೆ ಅದಕ್ಕಿಂತ ಕಡಮೆಯಾದ ಲೆಕ್ಕವು ಸಾಕೆಂಬುದು ನ್ಯಾಯವೂ ಅಲ್ಲ, ಈ ಸೀಮೆಯ ಪೂರ್ವಾಚಾರಕ್ಕೆ ಒಪ್ಪುವುದೂ ಅಲ್ಲ.