ಅಜ್ಜಿಯ ಮನೆಯಲ್ಲಿರುವ ಮಗು ಅನಾಥವೇ?



ನಮ್ಮ ಭಾಷೆಯಲ್ಲಿ ತಾಯಿಯ ಅಕ್ಕ ದೊಡ್ಡಮ್ಮ, ತಾಯಿಯ ತಂಗಿ ಚಿಕ್ಕಮ್ಮ. ತಂದೆಯ ಅಣ್ಣ ತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ. ಹೆತ್ತವಳು ಒಬ್ಬಳೇ ಆದರೂ ಅಮ್ಮ ಎಂಬ ಪದವನ್ನು ನಮ್ಮ ಹಿರಿಯರು ಹಲವರಿಗೆ ಹಂಚಿಕೊಟ್ಟಿದ್ದಾರೆ. ಅಮೆರಿಕದ ವಿದ್ವಾಂಸ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವೊಂದರಲ್ಲಿ ಲೋಕದ ನಾನಾ ಜನಾಂಗಗಳ ಸಂಬಂಧವಾಚಕಗಳನ್ನು ಪಟ್ಟಿ ಮಾಡಿದನು. ತಮಿಳು, ತೆಲುಗು, ಕನ್ನಡದ ಪದಗಳೂ ಆ ಪಟ್ಟಿಯಲ್ಲಿವೆ. ದಕ್ಷಿಣ ಭಾರತದ ಈ ಪದ್ಧತಿಗೂ ತನ್ನ ನೆಲದ ಮೂಲನಿವಾಸಿಗಳ ಪದ್ಧತಿಗೂ ಇರುವ ಹೋಲಿಕೆಯನ್ನು ಕಂಡು ಅವನು ಬೆರಗಾದನು. ಡಕೋಟ ಜನರ ನುಡಿಯಲ್ಲಿ ತಾಯಿಯ ಸೋದರಿಯನ್ನು ಮಗು 'ತಾಯಿ' ಎಂದೇ ಕರೆಯುತ್ತದೆ, ತಂದೆಯ ಸೋದರನನ್ನು 'ತಂದೆ' ಎಂದೇ.

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ನಿಮಗೆ ತೋರಬಹುದು. ಆದರೆ ಮಾರ್ಗನ್‍ನ ಗ್ರಂಥ ಬಂದು ಸುಮಾರು ನೂರು ವರ್ಷಗಳಾದ ಮೇಲೆ ಅದೇ ಡಕೋಟ ಜನರ ತಾಯಂದಿರು, ಅಜ್ಜಿಯರು ಇದೇ ಮಾತನ್ನು ಸರ್ಕಾರದ ಮುಂದೆ ವಾದಿಸಬೇಕಾಗಿ ಬಂತು. ಮಗುವಿಗೆ ಹಲವು ತಾಯಂದಿರಿರುತ್ತಾರೆ ಎಂಬುದನ್ನು ಒಪ್ಪದ ವ್ಯವಸ್ಥೆಯೊಂದು ಅವರ ಮಕ್ಕಳನ್ನು ಅವರ ಮಡಿಲಿನಿಂದ ಎತ್ತಿಕೊಂಡು ಹೋಗುತ್ತಿತ್ತು.

ಉತ್ತರ ಡಕೋಟ ರಾಜ್ಯದಲ್ಲಿ ಫೋರ್ಟ್ ಟಾಟನ್ ಎಂಬ ಊರಿದೆ. ಇಂದು ಸ್ಪಿರಿಟ್ ಲೇಕ್ ಎಂದು ಕರೆದುಕೊಳ್ಳುವ ಬುಡಕಟ್ಟನ್ನು ಆಗ ಡೆವಿಲ್ಸ್ ಲೇಕ್ ಸೂ ಎನ್ನುತ್ತಿದ್ದರು. ಅವರಿಗಾಗಿ ಮೀಸಲಿಟ್ಟ ಪ್ರದೇಶ ಅದು. 1960ರ ದಶಕದ ಕೊನೆಯಲ್ಲಿ ಅಲ್ಲಿನ ವೃದ್ಧೆಯೊಬ್ಬರು ಪುಟ್ಟ ಹುಡುಗನೊಬ್ಬನನ್ನು ಸಾಕುತ್ತಿದ್ದರು. ರಕ್ತಸಂಬಂಧದಿಂದ ಅವನು ಅವರ ಮೊಮ್ಮಗನಲ್ಲ, ಆದರೆ ಅವನು ಕಂಡ ಮನೆ ಅದೊಂದೇ. ಸ್ಥಳೀಯ ಕಲ್ಯಾಣ ಇಲಾಖೆಯವರು ಅವನನ್ನು ಬೇರೆಡೆಗೆ ಒಯ್ಯಬೇಕೆಂದರು. ಆಕೆ ಬಿಡಲಿಲ್ಲ. ನ್ಯೂಯಾರ್ಕ್‍ನಲ್ಲಿದ್ದ ಅಮೆರಿಕನ್ ಇಂಡಿಯನ್ ವ್ಯವಹಾರಗಳ ಸಂಘದ ನೆರವನ್ನು ಬುಡಕಟ್ಟು ಕೋರಿತು. ಸಂಘದ ನಿರ್ದೇಶಕ ವಿಲಿಯಂ ಬೈಲರ್ ಮತ್ತು ಯುವ ಕಾನೂನುತಜ್ಞ ಬರ್ಟ್ರಮ್ ಹರ್ಷ್ ಈ ಒಂದು ಪ್ರಕರಣಕ್ಕೆಂದು ಕೈಹಾಕಿದವರು ಮನೆಮನೆಯ ಲೆಕ್ಕ ತೆಗೆದಾಗ ದಿಗ್ಭ್ರಮೆಗೊಂಡರು. ಆ ಪ್ರದೇಶದಲ್ಲಿದ್ದ 21 ವರ್ಷದೊಳಗಿನ 1,100 ಮಂದಿಯಲ್ಲಿ 275 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರು, ತಮ್ಮ ಕುಟುಂಬದಿಂದ ಬೇರ್ಪಟ್ಟವರಾಗಿದ್ದರು.

ನಿಮ್ಮ ಧರ್ಮಕೇಂದ್ರದ ಮನೆಗಳನ್ನು ಒಮ್ಮೆ ಮನಸ್ಸಿನಲ್ಲಿ ಎಣಿಸಿ ನೋಡಿ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾದ ಮಕ್ಕಳ ಸಾಲಿನಲ್ಲಿ ನಾಲ್ಕಕ್ಕೊಂದು ಜಾಗ ಬರಿದಾಗಿದ್ದರೆ ಹೇಗಿದ್ದೀತು?

ಈ ಸ್ಥಿತಿ ಒಮ್ಮೆಲೇ ಬಂದದ್ದಲ್ಲ. ಅದರ ಬೇರನ್ನು ಹುಡುಕಿ ಹೋದರೆ ಕ್ರೈಸ್ತರಾದ ನಮಗೆ ಮುಜುಗರವಾಗುವ ಸ್ಥಳಕ್ಕೆ ಬಂದು ನಿಲ್ಲುತ್ತೇವೆ. ಅಧ್ಯಕ್ಷ ಗ್ರಾಂಟ್‍ನ ಆಡಳಿತವು 1869ರಿಂದ ಮೂಲನಿವಾಸಿಗಳ ಮೀಸಲು ಪ್ರದೇಶಗಳನ್ನು ವಿವಿಧ ಕ್ರೈಸ್ತ ಪಂಗಡಗಳ ಉಸ್ತುವಾರಿಗೆ ಹಂಚಿತು. ಫೋರ್ಟ್ ಟಾಟನ್‍ಗೆ 1874ರಲ್ಲಿ ಮಾಂಟ್ರಿಯಲ್‍ನಿಂದ ಕಥೋಲಿಕ ಧರ್ಮಭಗಿನಿಯರು ಬಂದು ಶಾಲೆ ತೆರೆದರು. ಸೇನೆ ಕೋಟೆಯನ್ನು ತೆರವು ಮಾಡಿದ ಮೇಲೆ 1891ರಲ್ಲಿ ಆ ಕೋಟೆಯ ಕಟ್ಟಡಗಳಲ್ಲಿಯೇ ಸರ್ಕಾರಿ ವಸತಿ ಶಾಲೆ ಆರಂಭವಾಯಿತು. ಯಾರನ್ನು ಹದ್ದುಬಸ್ತಿನಲ್ಲಿಡಲು ಕೋಟೆ ಕಟ್ಟಿದ್ದರೋ ಅವರ ಮಕ್ಕಳಿಗೆ ಅದೇ ಕೋಟೆಯಲ್ಲಿ ಅಕ್ಷರಾಭ್ಯಾಸ! ಇಂತಹ ಶಾಲೆಗಳ ಮಾದರಿಯನ್ನು ರೂಪಿಸಿದವನು ಸೇನಾಧಿಕಾರಿ ರಿಚರ್ಡ್ ಪ್ರಾಟ್. ಪೆನ್ಸಿಲ್ವೇನಿಯದ ಕಾರ್ಲೈಲ್‍ನಲ್ಲಿ 1879ರಲ್ಲಿ ಅವನು ತೆರೆದ ಶಾಲೆಯಲ್ಲಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನು ನಿಷೇಧಿಸಿದರು. ಅಮೆರಿಕ ಸರ್ಕಾರವೇ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1969ರವರೆಗಿನ ಒಂದೂವರೆ ಶತಮಾನದಲ್ಲಿ ಇಂತಹ 417 ಶಾಲೆಗಳಿದ್ದವು. ಅವುಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತರು.

ಆ ಧರ್ಮಭಗಿನಿಯರಲ್ಲಿ, ಯಾಜಕರಲ್ಲಿ ಪ್ರೀತಿಯಿಂದ ದುಡಿದವರು ಇರಲಿಲ್ಲವೆಂದು ನಾನು ಹೇಳಲಾರೆ. ಮನೆಮಠ ಬಿಟ್ಟು ಆ ಹಿಮದ ನಾಡಿಗೆ ಹೋದವರಿಗೆ ಸದುದ್ದೇಶವೇ ಇದ್ದೀತು. ಆದರೆ ಸದುದ್ದೇಶವುಳ್ಳವರು ಮಗುವಿನ ತಾಯಿಯನ್ನು ಒಂದು ಮಾತು ಕೇಳುವ ಅಗತ್ಯವನ್ನು ಕಾಣಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ.

ವಸತಿ ಶಾಲೆಗಳ ಕಾಲ ಇಳಿಮುಖವಾದಂತೆ ದತ್ತು ನೀಡುವ ಕಾಲ ಬಂತು. ಕೇಂದ್ರ ಸರ್ಕಾರದ ಇಂಡಿಯನ್ ವ್ಯವಹಾರಗಳ ಬ್ಯೂರೋ ಮತ್ತು ಅಮೆರಿಕದ ಶಿಶು ಕಲ್ಯಾಣ ಸಂಸ್ಥೆಗಳ ಒಕ್ಕೂಟ ಜೊತೆಗೂಡಿ 1958ರಿಂದ 1967ರವರೆಗೆ ಒಂದು ಯೋಜನೆ ನಡೆಸಿದವು. ಪಶ್ಚಿಮದ ರಾಜ್ಯಗಳ 395 ಮೂಲನಿವಾಸಿ ಮಕ್ಕಳನ್ನು ಬಹುತೇಕ ದೂರದ ಬಿಳಿಯ ಕುಟುಂಬಗಳಿಗೆ ದತ್ತು ಕೊಡಲಾಯಿತು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಅದು ತೋರಿದ ದಾರಿಯಲ್ಲಿ ರಾಜ್ಯಗಳ ಇಲಾಖೆಗಳೂ, ಚರ್ಚುಗಳಿಗೆ ಸೇರಿದ ದತ್ತು ಸಂಸ್ಥೆಗಳೂ ನಡೆದವು. ಬೈಲರ್ ಅವರ ಸಂಘ 1969ರಲ್ಲಿ ಮತ್ತು 1974ರಲ್ಲಿ ನಡೆಸಿದ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ನೂರಕ್ಕೆ 25ರಿಂದ 35 ಮಂದಿ ಮನೆಯಿಂದ ಬೇರ್ಪಟ್ಟು ಪೋಷಕ ಕುಟುಂಬಗಳಲ್ಲೋ, ದತ್ತು ಮನೆಗಳಲ್ಲೋ, ಸಂಸ್ಥೆಗಳಲ್ಲೋ ಇದ್ದರು. ಹದಿನಾರು ರಾಜ್ಯಗಳಲ್ಲಿ ನೋಡಿದಾಗ, ಪೋಷಕ ಕುಟುಂಬಗಳಿಗೆ ಹೋದವರಲ್ಲಿ ನೂರಕ್ಕೆ ಸುಮಾರು 85 ಮಕ್ಕಳು ತಮ್ಮ ಜನರಲ್ಲದವರ ಮನೆಯಲ್ಲಿದ್ದರು. ಮಿನೆಸೋಟ ರಾಜ್ಯದಲ್ಲಂತೂ 1971–72ರಲ್ಲಿ ಒಂದು ವರ್ಷ ತುಂಬದ ಮೂಲನಿವಾಸಿ ಶಿಶುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ದತ್ತು ಹೋಗಿತ್ತು.

ಇಷ್ಟೊಂದು ಮಕ್ಕಳನ್ನು ತೆಗೆದುಕೊಂಡು ಹೋಗಲು ಕಾರಣವೇನು? ಹೊಡೆತವೇ, ಹಿಂಸೆಯೇ? ಉತ್ತರ ಡಕೋಟದ ಒಂದು ಮೀಸಲು ಪ್ರದೇಶದಲ್ಲಿ ಪರಿಶೀಲಿಸಿದಾಗ ದೈಹಿಕ ಹಿಂಸೆಯ ಕಾರಣಕ್ಕೆ ಬೇರ್ಪಡಿಸಿದ್ದು ನೂರರಲ್ಲಿ ಒಂದು ಪ್ರಕರಣ ಮಾತ್ರ. ಉಳಿದವೆಲ್ಲ 'ನಿರ್ಲಕ್ಷ್ಯ', 'ಸಾಮಾಜಿಕ ಕೊರತೆ' ಎಂಬಂತಹ ಪದಗಳ ಅಡಿಯಲ್ಲಿ ಬಂದವು. ಈ ಪದಗಳನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಬಡತನ: ಮನೆಯೊಳಗೆ ನೀರಿನ ನಲ್ಲಿಯಿಲ್ಲ, ಒಂದೇ ಕೋಣೆಯಲ್ಲಿ ಹಲವರು ಮಲಗುತ್ತಾರೆ. ಇನ್ನೊಂದು ಕಾರಣ ನಿಮ್ಮನ್ನು ಚಕಿತಗೊಳಿಸಬಹುದು. ತಾಯಿ ಕೂಲಿಗೆ ಹೋಗುವಾಗ ಮಗುವನ್ನು ಅಜ್ಜಿಯ ಬಳಿಯೋ ದೊಡ್ಡಮ್ಮನ ಬಳಿಯೋ ಬಿಟ್ಟರೆ, ಅದನ್ನು 'ಮಗುವನ್ನು ತೊರೆದದ್ದು' ಎಂದು ಬರೆದುಕೊಳ್ಳುತ್ತಿದ್ದರು! ನಮ್ಮಲ್ಲಿ ಬೇಸಿಗೆ ರಜೆ ಪೂರ್ತಿ, ಕೆಲವೊಮ್ಮೆ ಶಾಲೆಯ ವರ್ಷಗಳೆಲ್ಲ, ಅಜ್ಜಿಯ ಮನೆಯಲ್ಲಿ ಕಳೆದವರು ಎಷ್ಟು ಮಂದಿಯಿಲ್ಲ? ಆ ನಿಯಮ ಇಲ್ಲಿದ್ದಿದ್ದರೆ ನಮ್ಮಲ್ಲಿ ಅರ್ಧ ಜನ ಸರ್ಕಾರದ ಕಡತದಲ್ಲಿ ಅನಾಥರಾಗಿರುತ್ತಿದ್ದೆವು. ಇದಕ್ಕಿಂತ ಕ್ರೂರವಾದದ್ದೆಂದರೆ, ಆ ಅಜ್ಜಿ ತಾನೇ ಪೋಷಕಳಾಗುತ್ತೇನೆಂದು ಮುಂದೆ ಬಂದರೂ ಮನೆಯ ಅಳತೆ ಸಾಲದೆಂದು ಅನುಮತಿ ಸಿಗುತ್ತಿರಲಿಲ್ಲ. ಅಪರಿಚಿತರಿಗೆ ಮಗುವನ್ನು ಸಾಕಲು ಕೊಡುವ ಹಣದ ಒಂದು ಪಾಲನ್ನು ಆ ತಾಯಿಗೇ ಕೊಟ್ಟಿದ್ದರೆ ಹಲವು ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು ಎಂದು ನನಗನಿಸುತ್ತದೆ. ವಿಮೋಚನಾಕಾಂಡದಲ್ಲಿ ಫರೋಹನ ಮಗಳು ನೀರಿನಿಂದ ಎತ್ತಿದ ಮೋಶೆಗೆ ಹಾಲುಣಿಸಲು ಸಂಬಳ ಕೊಟ್ಟದ್ದು ಯಾರಿಗೆ ಎಂಬುದನ್ನು ನೆನಪಿಸಿಕೊಳ್ಳಿ.

1968ರಲ್ಲಿ ಫೋರ್ಟ್ ಟಾಟನ್‍ನ ತಾಯಂದಿರು ಒಂದು ನಿರ್ಧಾರಕ್ಕೆ ಬಂದರು. ತಮ್ಮ ಬುಡಕಟ್ಟಿನ ಅಧ್ಯಕ್ಷ ಲೂಯಿಸ್ ಗುಡ್‍ಹೌಸ್ ಅವರೊಡನೆ ನ್ಯೂಯಾರ್ಕ್‍ವರೆಗೆ ಪಯಣಿಸಿ ಪತ್ರಕರ್ತರ ಮುಂದೆ ಕುಳಿತು ತಮ್ಮ ಮಕ್ಕಳನ್ನು ಹೇಗೆ ಒಯ್ಯಲಾಗುತ್ತಿದೆ ಎಂಬುದನ್ನು ತಾವೇ ಹೇಳಿದರು. ಅದುವರೆಗೆ ಪ್ರತಿಯೊಬ್ಬ ತಾಯಿಯೂ ಇದು ತನ್ನೊಬ್ಬಳ ದುರದೃಷ್ಟ, ಬಹುಶಃ ತನ್ನೊಬ್ಬಳ ದೋಷ ಎಂದು ನಾಚಿ ಬಾಯಿ ಮುಚ್ಚಿಕೊಂಡಿದ್ದಳು. ಮಗುವನ್ನು ಕಳೆದುಕೊಂಡವಳಿಗೆ ದುಃಖದ ಜೊತೆ ಅವಮಾನವೂ ಅಂಟಿರುತ್ತದೆ, ಆ ಅವಮಾನವೇ ಇಂತಹ ವ್ಯವಸ್ಥೆಗಳ ಕಾವಲುಗಾರ. ನ್ಯೂಯಾರ್ಕ್‍ನ ಆ ದಿನ ಅದು ಸ್ವಲ್ಪ ಸಡಿಲವಾಯಿತು. ಬೇರೆ ಬೇರೆ ಬುಡಕಟ್ಟುಗಳಿಂದ ಅದೇ ಕಥೆ ಕೇಳಿಬರತೊಡಗಿತು.

ಏಪ್ರಿಲ್ 1974ರಲ್ಲಿ ವಾಷಿಂಗ್ಟನ್‍ನಲ್ಲಿ ದಕ್ಷಿಣ ಡಕೋಟದ ಸೆನೆಟರ್ ಜೇಮ್ಸ್ ಅಬೂರೆಸ್ಕ್ ಅಧ್ಯಕ್ಷತೆಯ ಉಪಸಮಿತಿ ವಿಚಾರಣೆ ನಡೆಸಿತು. ಸಿಸ್ಸೆಟನ್ ಬುಡಕಟ್ಟಿನ ಯುವತಾಯಿಯೊಬ್ಬಳು ಅಲ್ಲಿ ಸಾಕ್ಷ್ಯ ನುಡಿದಳು. ಆಕೆಯ ಮಗನನ್ನು ಅಧಿಕಾರಿಗಳು ಒಯ್ದಿದ್ದರು. ನೀನು ಒಳ್ಳೆಯ ತಾಯಿಯಲ್ಲ, ಬಿಳಿಯರ ಮನೆಯೇ ಮಕ್ಕಳಿಗೆ ಲೇಸು ಎಂದಿದ್ದರು. ಆಕೆ ಮತ್ತೆ ಗರ್ಭಿಣಿಯಾದಾಗ, ಹುಟ್ಟಲಿರುವ ಕೂಸನ್ನೂ ದತ್ತು ಕೊಟ್ಟುಬಿಡು ಎಂದು ಒತ್ತಾಯಿಸಲು ಮನೆಬಾಗಿಲಿಗೆ ಬರುತ್ತಲೇ ಇದ್ದರು. ಅದೇ ವಿಚಾರಣೆಯಲ್ಲಿ ಮನೋವೈದ್ಯರು ಹೇಳಿದ ಸಂಗತಿಯೂ ಗಮನಾರ್ಹ: ಪ್ರೀತಿಯುಳ್ಳ ಬಿಳಿಯ ಮನೆಯಲ್ಲಿ ಬೆಳೆದ ಮಗು ಹದಿಹರೆಯಕ್ಕೆ ಬಂದಾಗ ಹೊರಗಿನ ಸಮಾಜ ಅದನ್ನು ಬಿಳಿಯ ಮಗುವಾಗಿ ಸ್ವೀಕರಿಸುವುದಿಲ್ಲ, ತನ್ನವರು ಯಾರೆಂಬುದು ಅದಕ್ಕೂ ತಿಳಿದಿರುವುದಿಲ್ಲ.

ಯಾವ ಮಗುವನ್ನೂ ಎಂದೂ ಮನೆಯಿಂದ ಬೇರ್ಪಡಿಸಬಾರದೆಂದು ಆ ತಾಯಂದಿರು ಕೇಳಲಿಲ್ಲ. ಕುಡಿತ, ಹೊಡೆತಗಳಿಂದ ನಿಜವಾಗಿಯೂ ನೊಂದ ಮಕ್ಕಳು ತಮ್ಮಲ್ಲೂ ಇದ್ದಾರೆಂಬುದು ಅವರಿಗೆ ತಿಳಿದಿತ್ತು. ಅವರು ಕೇಳಿದ್ದು ಇಷ್ಟೇ: ತೀರ್ಮಾನ ಮಾಡುವ ಮುನ್ನ ನಮಗೆ ತಿಳಿಸಿ, ನಮ್ಮ ಪರವಾಗಿ ಮಾತನಾಡಲು ಒಬ್ಬ ವಕೀಲರನ್ನು ಕೊಡಿ, ಮಗುವಿಗೆ ಬೇರೆ ಮನೆ ಬೇಕೇ ಆದರೆ ಮೊದಲು ನಮ್ಮ ಬಂಧುಗಳ ಮನೆಯ ಕದ ತಟ್ಟಿ. ಮಿಸಿಸಿಪ್ಪಿಯ ಚಾಕ್ಟಾ ಬುಡಕಟ್ಟಿನ ಮುಖ್ಯಸ್ಥ ಕ್ಯಾಲ್ವಿನ್ ಐಸಾಕ್ 1978ರಲ್ಲಿ ಸಂಸತ್ತಿನ ಸಮಿತಿಗೆ ವಿವರಿಸಿದ್ದೂ ಇದನ್ನೇ: ನಮ್ಮ ಕುಟುಂಬಗಳನ್ನು ತೂಗುವವರಿಗೆ ನಮ್ಮ ಬಾಳುವೆಯ ಅಳತೆಗೋಲೇ ತಿಳಿಯದು.

ನವೆಂಬರ್ 8, 1978ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಇಂಡಿಯನ್ ಶಿಶು ಕಲ್ಯಾಣ ಕಾಯ್ದೆಯನ್ನು ಓದುವಾಗ ಆ ತಾಯಂದಿರ ಮಾತುಗಳೇ ಕಾನೂನಿನ ಭಾಷೆ ತೊಟ್ಟು ಬಂದಂತೆ ತೋರುತ್ತದೆ. ಮೀಸಲು ಪ್ರದೇಶದಲ್ಲಿ ವಾಸಿಸುವ ಮಗುವಿನ ಪ್ರಕರಣವನ್ನು ಬುಡಕಟ್ಟಿನ ನ್ಯಾಯಾಲಯವೇ ನೋಡಬೇಕು. ಬೇರೆಡೆಯ ಪ್ರಕರಣವಾದರೆ ಹೆತ್ತವರಿಗೂ ಬುಡಕಟ್ಟಿಗೂ ನೋಂದಾಯಿತ ಅಂಚೆಯಲ್ಲಿ ತಿಳಿವಳಿಕೆ ಪತ್ರ ಹೋಗಬೇಕು. ಅದು ತಲುಪಿ ಹತ್ತು ದಿನ ಕಳೆಯದೆ ವಿಚಾರಣೆ ನಡೆಯಬಾರದು. ಬಡ ಹೆತ್ತವರಿಗೆ ನ್ಯಾಯಾಲಯವೇ ವಕೀಲರನ್ನು ಒದಗಿಸಬೇಕು. ಹೆತ್ತವರ ಹಕ್ಕನ್ನು ಶಾಶ್ವತವಾಗಿ ಕಳೆಯಬೇಕಾದರೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಬೇಕಾಗುವಂತಹ ಸಂಶಯಾತೀತ ಪುರಾವೆ ಬೇಕು. ಕೂಸು ಹುಟ್ಟಿ ಹತ್ತು ದಿನವಾಗುವ ಮುಂಚೆ ತಾಯಿ ಕೊಟ್ಟ ಸಮ್ಮತಿಗೆ ಬೆಲೆಯಿಲ್ಲ, ಆಮೇಲೆ ಕೊಡುವುದಾದರೂ ನ್ಯಾಯಾಧೀಶರ ಎದುರೇ ಕೊಡಬೇಕು, ಅಂತಿಮ ಆದೇಶದವರೆಗೆ ಅದನ್ನು ಹಿಂಪಡೆಯಬಹುದು. (ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮರುಚಿಂತನೆಗಾಗಿ ಎರಡು ತಿಂಗಳು ಕೊಡುತ್ತದೆ. ಹೆರಿಗೆಯ ಹಾಸಿಗೆಯಲ್ಲಿ ಪಡೆದ ಸಹಿ ಎಂತಹದೆಂಬುದನ್ನು ಬಲ್ಲವರು ಬಲ್ಲರು.) ದತ್ತು ಕೊಡುವಾಗ ಮೊದಲು ಬಂಧುಗಳು, ಆಮೇಲೆ ಅದೇ ಬುಡಕಟ್ಟಿನವರು, ಆಮೇಲೆ ಬೇರೆ ಮೂಲನಿವಾಸಿ ಕುಟುಂಬಗಳು ಎಂಬ ಅನುಕ್ರಮವನ್ನು ಕಾಯ್ದೆ ಇಟ್ಟಿತು.

ಕಾಯ್ದೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಹಲವು ರಾಜ್ಯಗಳು ಅದನ್ನು ಅರೆಮನಸ್ಸಿನಿಂದ ಪಾಲಿಸಿದವು. ಇಂದಿಗೂ ಪೋಷಕ ವ್ಯವಸ್ಥೆಯಲ್ಲಿರುವ ಮೂಲನಿವಾಸಿ ಮಕ್ಕಳ ಪ್ರಮಾಣ ಅವರ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು. 2013ರಲ್ಲಿ ಸುಪ್ರೀಂ ಕೋರ್ಟು ಒಂದು ದತ್ತು ಪ್ರಕರಣದಲ್ಲಿ 5–4ರ ಬಹುಮತದಿಂದ ಕಾಯ್ದೆಯ ವ್ಯಾಪ್ತಿಯನ್ನು ಕಿರಿದುಗೊಳಿಸಿತು. ಮುಂದೆ ಕೆಲವು ದತ್ತು ಪೋಷಕರೂ ಟೆಕ್ಸಾಸ್ ರಾಜ್ಯವೂ ಇಡೀ ಕಾಯ್ದೆಯೇ ಸಂವಿಧಾನಬಾಹಿರವೆಂದು ವಾದಿಸಿದರು. ಆ ದತ್ತು ಪೋಷಕರ ಪ್ರೀತಿಯೂ ಸುಳ್ಳಲ್ಲ. ಜೂನ್ 15, 2023ರಂದು ಅದೇ ನ್ಯಾಯಾಲಯ 7–2ರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಗೋರ್ಸಚ್ ಬರೆದ ಸಹಮತದ ಅಭಿಪ್ರಾಯದಲ್ಲಿ ವಸತಿ ಶಾಲೆಗಳಿಂದ ದತ್ತುವಿನವರೆಗಿನ ಚರಿತ್ರೆ ವಿವರವಾಗಿ ದಾಖಲಾಗಿದೆ.

ಕ್ಷಮೆಯಾಚನೆಗಳೂ ತಡವಾಗಿ ಬಂದವು. ದತ್ತು ಯೋಜನೆ ನಡೆಸಿದ ಒಕ್ಕೂಟವು 2001ರಲ್ಲಿ ಮೂಲನಿವಾಸಿಗಳ ಸಮಾವೇಶದಲ್ಲಿ ಕ್ಷಮೆ ಕೋರಿತು. ಜಗದ್ಗುರು ಫ್ರಾನ್ಸಿಸರು ಜುಲೈ 2022ರಲ್ಲಿ ಕೆನಡಾದ ಮಸ್ಕ್ವಾಚೀಸ್‍ಗೆ ತೆರಳಿ ಅಲ್ಲಿನ ವಸತಿ ಶಾಲೆಗಳಿಗಾಗಿ ಕ್ಷಮೆ ಬೇಡಿದರು. ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿ ಜೂನ್ 2024ರಲ್ಲಿ, ಅಧ್ಯಕ್ಷ ಬೈಡನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಷಮೆ ಕೇಳಿದರು.

1978ರ ಕಾಯ್ದೆಯಲ್ಲಿ ಯಾರೂ ಹೆಚ್ಚು ಮಾತನಾಡದ ಒಂದು ವಿಧಿಯಿದೆ. ದತ್ತು ಹೋದ ಮೂಲನಿವಾಸಿಗೆ ಹದಿನೆಂಟು ವರ್ಷ ತುಂಬಿದ ಮೇಲೆ, ತನ್ನ ಹೆತ್ತವರು ಯಾವ ಬುಡಕಟ್ಟಿನವರೆಂದು ದತ್ತು ಆದೇಶ ನೀಡಿದ ನ್ಯಾಯಾಲಯವನ್ನು ಕೇಳಬಹುದು; ನ್ಯಾಯಾಲಯ ಅದನ್ನು ತಿಳಿಸಬೇಕು. 1958ರಿಂದ 1967ರ ನಡುವೆ ದೂರದ ಮನೆಗಳಿಗೆ ಹೋದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಈಗ ಅರವತ್ತು ದಾಟಿದೆ. ಆ ತಲೆಮಾರಿನ ಎಷ್ಟೋ ಮಂದಿ ಇಂದಿಗೂ ತಮ್ಮ ಊರನ್ನು, ಅಲ್ಲಿ ಉಳಿದಿರಬಹುದಾದ ಚಿಕ್ಕಮ್ಮ ದೊಡ್ಡಮ್ಮಂದಿರನ್ನು ಹುಡುಕುತ್ತಿದ್ದಾರೆ.