ಹೊಗೆಗೂ ಒಂದು ಲೆಕ್ಕ

1967ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ‘ಡಾಗೆನ್ಸ್ ನ್ಯೂಹೆಟರ್’ ದಿನಪತ್ರಿಕೆಯಲ್ಲಿ ಸ್ವಾಂಟೆ ಓಡೆನ್ ಎಂಬ ಮಣ್ಣು ವಿಜ್ಞಾನಿಯ ಲೇಖನವೊಂದು ಪ್ರಕಟವಾಯಿತು. ದೇಶದ ಮೇಲೆ ಸುರಿಯುತ್ತಿರುವ ಮಳೆ ಆಮ್ಲವಾಗುತ್ತಿದೆ ಎಂಬುದು ಅದರ ತಿರುಳು. ಆ ಆಮ್ಲದ ಬಹುಪಾಲು ಗಾಳಿಯಲ್ಲಿ ತೇಲಿ ಬರುತ್ತಿದ್ದುದು ಹೊರದೇಶಗಳ ಹೊಗೆಯಿಂದ. ಆದರೆ ನೆರೆಮನೆಯ ಹೊಗೆಯನ್ನು ದೂರುವವರು ತಮ್ಮ ಒಲೆಯನ್ನೂ ನೋಡಿಕೊಳ್ಳಬೇಕಲ್ಲ?

1991ರಲ್ಲಿ ಸ್ವೀಡನ್ ಗಂಧಕದ ಮೇಲೆ ಕಿಲೋಗೆ 30 ಕ್ರೋನ ತೆರಿಗೆ ಹಾಕಿತು. ಇದು ಸುಲಭದ ಕೆಲಸ. ಕಲ್ಲಿದ್ದಲಿನಲ್ಲಿ ಗಂಧಕ ಎಷ್ಟಿದೆ ಎಂದು ತಿಳಿದರೆ ಹೊಗೆಯ ಲೆಕ್ಕವೂ ಸಿಕ್ಕಂತೆಯೇ. ಸಾರಜನಕದ ಆಕ್ಸೈಡುಗಳದು ಹಾಗಲ್ಲ. ಉರಿಯ ಕಾವು ಹೆಚ್ಚಾದಾಗ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಅವು ಹುಟ್ಟುತ್ತವೆ. ಒಂದೇ ಇಂಧನ ಸುಡುವ ಎರಡು ಬಾಯ್ಲರ್‌ಗಳಲ್ಲಿ ಅವುಗಳ ಪ್ರಮಾಣ ಬೇರೆಬೇರೆಯಾಗಬಹುದು. ಹಾಗಾಗಿ ಚಿಮಣಿಯಲ್ಲೇ ಅಳೆಯಬೇಕು. ಅಳೆಯುವ ಉಪಕರಣವೋ ದುಬಾರಿ.

1992ರ ಜನವರಿ 1ರಿಂದ ಈ ಆಕ್ಸೈಡುಗಳಿಗೂ ಶುಲ್ಕ ಬಂತು. ಕಿಲೋಗೆ 40 ಕ್ರೋನ. ಅಂದಿನ ಮಟ್ಟಿಗೆ ಇದು ಬಹಳ ಹೆಚ್ಚಿನ ದರ. ವರ್ಷಕ್ಕೆ ಐದು ಕೋಟಿ ಯೂನಿಟ್‌ಗಿಂತ ಹೆಚ್ಚು ಶಕ್ತಿ ಉತ್ಪಾದಿಸುವ ಬಾಯ್ಲರ್‌ಗಳಿಗೆ ಮಾತ್ರ ಇದು ಅನ್ವಯ. ಹಾಗಾದರೆ ದೊಡ್ಡವರು ಶುಲ್ಕ ತೆತ್ತು ಸೊರಗುವುದು, ಸಣ್ಣವರು ಪಾರಾಗುವುದು ಯಾವ ನ್ಯಾಯ? ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯಕರವಾದುದು. ವಸೂಲಾದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗಲಿಲ್ಲ. ಆಡಳಿತದ ಅಲ್ಪ ಖರ್ಚು ಕಳೆದು ಉಳಿದುದೆಲ್ಲ ತೆತ್ತವರಿಗೇ ಮರಳಿತು. ಆದರೆ ತೆತ್ತಷ್ಟೇ ಅಲ್ಲ, ಅವರವರು ಉತ್ಪಾದಿಸಿದ ಉಪಯುಕ್ತ ಶಕ್ತಿಗೆ ತಕ್ಕಂತೆ. ಕಡಿಮೆ ಕೊಳೆ ಕಕ್ಕಿ ಹೆಚ್ಚು ಶಕ್ತಿ ಪಡೆದವನು ಕೊಟ್ಟದ್ದಕ್ಕಿಂತ ಹೆಚ್ಚು ಪಡೆದ. ಉಳಿದವನು ತನ್ನ ಪ್ರತಿಸ್ಪರ್ಧಿಯ ಜೇಬು ತುಂಬಿಸಿದ!

1992ರಲ್ಲಿ ಈ ಘಟಕಗಳ ಪೈಕಿ ಶೇ 7ರಲ್ಲಿ ಮಾತ್ರ ಆಕ್ಸೈಡು ತಗ್ಗಿಸುವ ತಂತ್ರಜ್ಞಾನವಿತ್ತು. ಮರುವರ್ಷ ಅದು ಶೇ 62. ಆದರೆ ಎಲ್ಲ ಸುಧಾರಣೆಯೂ ಕೊಂಡು ತಂದ ಯಂತ್ರದಿಂದ ಬಂದುದಲ್ಲ. ಅಳೆಯುವ ಉಪಕರಣ ಕಣ್ಣೆದುರು ಅಂಕಿ ತೋರಿಸತೊಡಗಿದಾಗ, ಬಾಯ್ಲರ್ ನೋಡಿಕೊಳ್ಳುವವರಿಗೆ ತಮ್ಮ ಬೆಂಕಿಯ ಗುಣ ತಿಳಿಯಿತು. ಗಾಳಿ ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು, ಕಾವು ಎಲ್ಲಿ ಮಿತಿಮೀರುತ್ತಿದೆ ಎಂದು ಹೊಂದಿಸಿ ನೋಡಿದರು. ಇದಕ್ಕೆ ಹೆಚ್ಚಿನ ಖರ್ಚೇ ತಗಲದ ಕಡೆಗಳೂ ಉಂಟು. ಕಾವು ಅತಿಯಾಗಿ ತಗ್ಗಿಸಿದರೆ ಇಂಧನ ಅರೆಬೆಂದು ಇಂಗಾಲದ ಮೊನಾಕ್ಸೈಡು ಹೆಚ್ಚುತ್ತದೆ, ಶಕ್ತಿಯೂ ನಷ್ಟ. ಮರುಪಾವತಿ ಶಕ್ತಿಯ ಲೆಕ್ಕದಲ್ಲಿದ್ದುದರಿಂದ ಎರಡನ್ನೂ ತೂಗಿಸಲೇಬೇಕಾಯಿತು. ಹೊಗೆಯಲ್ಲಿನ ಆವಿಯನ್ನು ತಣಿಸಿ ಶಾಖ ಮರಳಿ ಪಡೆಯುವ ವಿಧಾನಕ್ಕೂ ಹೀಗಾಗಿ ಬೆಲೆ ಬಂತು.

1995ರ ಹೊತ್ತಿಗೆ ಪ್ರತಿ ಯೂನಿಟ್ ಶಕ್ತಿಗೆ ಹೊಮ್ಮುವ ಆಕ್ಸೈಡು ಸುಮಾರು ಶೇ 40ರಷ್ಟು ಇಳಿದಿತ್ತು. ಅಳತೆಯ ಖರ್ಚೂ ಇಳಿದು, 1996 ಮತ್ತು 1997ರಲ್ಲಿ ಇನ್ನೂ ಸಣ್ಣ ಬಾಯ್ಲರ್‌ಗಳನ್ನು ಸೇರಿಸಲಾಯಿತು. ಅನಂತರದ ಇಳಿತ ನಿಧಾನ. 2008ರಲ್ಲಿ ದರವನ್ನು 50 ಕ್ರೋನಗಳಿಗೆ ಏರಿಸಿದರು. ಉತ್ಪಾದನೆಯೂ ಬೆಳೆದುದರಿಂದ ಒಟ್ಟು ಹೊಗೆ ಅದೇ ಪ್ರಮಾಣದಲ್ಲಿ ತಗ್ಗಲಿಲ್ಲವೆಂಬುದನ್ನೂ ಹೇಳಬೇಕು. ಇನ್ನೊಂದು ಕೊರತೆ ಕಾಗದದ ತಿರುಳು ತಯಾರಿಸುವ ಕಾರ್ಖಾನೆಗಳದು. ಅಲ್ಲಿ ರಾಸಾಯನಿಕಗಳನ್ನು ಮರಳಿ ಪಡೆಯುವ ಬಾಯ್ಲರ್‌ಗಳನ್ನೂ ಸುಣ್ಣದ ಗೂಡುಗಳನ್ನೂ ಆರಂಭದಿಂದಲೇ ಶುಲ್ಕದ ಹೊರಗಿಟ್ಟಿದ್ದರು. ಒಂದೇ ಕಾರ್ಖಾನೆಯಲ್ಲಿ ಒಂದು ಚಿಮಣಿಗೆ ಕಿಲೋಗಿಷ್ಟು ಎಂಬ ಲೆಕ್ಕ, ಪಕ್ಕದ ಚಿಮಣಿಗೆ ಬರಿಯ ಆಕಾಶ.