ಧಮನಿಯಿಂದ ಅಪಧಮನಿಗೆ: ರಕ್ತನಾಳಗಳ ಅರಿವಿನ ಇತಿಹಾಸ

ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜಿದೆ. ಅಲ್ಲಿಂದ ಕೆಲವೇ ಮೈಲುಗಳ ದೂರದಲ್ಲಿ, ಉಡುಪಿ ಸಮೀಪದ ಕುತ್ಪಾಡಿಯಲ್ಲಿ, ಆಯುರ್ವೇದ ಮಹಾವಿದ್ಯಾಲಯವಿದೆ. ಮೊದಲನೆಯದರಲ್ಲಿ ವಿದ್ಯಾರ್ಥಿಗಳು ಶವಚ್ಛೇದನದ ಮೂಲಕ ರಕ್ತನಾಳಗಳ ಕವಲುಗಳನ್ನು ಗುರುತಿಸುತ್ತಾರೆ. ಎರಡನೆಯದರಲ್ಲಿ ಆಧುನಿಕ ಅಂಗರಚನೆಯೊಂದಿಗೆ ಸುಶ್ರುತನ ಶಾರೀರಸ್ಥಾನವನ್ನೂ ಅಭ್ಯಸಿಸುತ್ತಾರೆ. ಈ ಎರಡು ಪಾಠಗಳ ನಡುವೆ ರಕ್ತದ ಹಾದಿಯನ್ನು ಅರಿಯಲು ಮನುಷ್ಯ ನಡೆಸಿದ ಸುದೀರ್ಘ ಶೋಧನೆಯಿದೆ. ಆ ಶೋಧನೆಯ ಗುರುತುಗಳು ನಮ್ಮ ಶಬ್ದಗಳಲ್ಲೇ ಉಳಿದಿವೆ.

ಸುಶ್ರುತನ ಪ್ರಕಾರ ದೇಹದಲ್ಲಿ 700 ಸಿರೆಗಳೂ 24 ಧಮನಿಗಳೂ ಇವೆ. ಅವುಗಳ ಮೂಲ ನಾಭಿ. ಗರ್ಭಸ್ಥ ಶಿಶು ಹೊಕ್ಕುಳಬಳ್ಳಿಯಿಂದಲೇ ಪೋಷಣೆ ಪಡೆಯುವುದನ್ನು ನೆನೆದರೆ ಈ ಕಲ್ಪನೆ ನಿರಾಧಾರವೆನಿಸದು. ಕಾಲುವೆಗಳು ತೋಟಕ್ಕೆ ನೀರುಣಿಸುವಂತೆ ಸಿರೆಗಳು ದೇಹವನ್ನು ಪೋಷಿಸುತ್ತವೆ ಎಂಬುದು ಅವನ ಹೋಲಿಕೆ. ಹರಿಯುವುದರಿಂದ ಸಿರಾ, ಊದಿದಂತೆ ಮಿಡಿಯುವುದರಿಂದ ಧಮನಿ ಎಂದು ಪ್ರಾಚೀನರು ನಿರ್ವಚಿಸಿದರು. ಗ್ರೀಕರಲ್ಲಿಯೂ ಎರಾಸಿಸ್ಟ್ರಾಟಸನು ಧಮನಿಗಳಲ್ಲಿ ವಾಯು ಸಂಚರಿಸುತ್ತದೆಂದೇ ಭಾವಿಸಿದ್ದನು. ಮರಣಾನಂತರ ಅವು ಬಹುಮಟ್ಟಿಗೆ ಬರಿದಾಗಿ ಕಾಣುವುದು ಇಂಥ ಭಾವನೆಗೆ ಇಂಬು ಕೊಟ್ಟಿರಬೇಕು.

ಈ ವೈದ್ಯಪರಂಪರೆಯನ್ನು ಕರ್ನಾಟಕದಲ್ಲಿ ಬೆಳೆಸಿದವರಲ್ಲಿ ಜೈನ ವಿದ್ವಾಂಸರು ಪ್ರಮುಖರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮಾಂಸವರ್ಜಿತ ಚಿಕಿತ್ಸೆಯನ್ನು ಪ್ರತಿಪಾದಿಸಿದನು. 12ನೆಯ ಶತಮಾನದ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ದ ಮೂಲಕ ವೈದ್ಯವನ್ನು ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲೇ ನಿರೂಪಿಸಿದನು. ದೇಹದ ವಿಚಾರವನ್ನು ಜನರ ನುಡಿಯಲ್ಲಿ ಹೇಳಬೇಕೆಂಬ ಹಂಬಲ ಕನ್ನಡಕ್ಕೆ ಹೊಸತಲ್ಲ.

ಆದರೆ ತೋಟದ ಹೋಲಿಕೆಗೆ ಒಂದು ಮಿತಿಯಿತ್ತು. ಅಡಿಕೆ ತೋಟದ ಕಾಲುವೆಗೆ ಹರಿದ ನೀರು ನೆಲದಲ್ಲಿ ಇಂಗುತ್ತದೆ, ಕೆರೆಗೆ ಮರಳುವುದಿಲ್ಲ. ರಕ್ತ ಮರಳುತ್ತದೆ ಎಂಬುದನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಲೆಕ್ಕಾಚಾರದಿಂದ ತೋರಿಸಿದನು. ಹೃದಯವು ಅರ್ಧ ಗಂಟೆಯಲ್ಲಿ ಹೊರದೂಡುವ ರಕ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚು. ಅಷ್ಟು ರಕ್ತ ಆಹಾರದಿಂದ ಹೊಸದಾಗಿ ಹುಟ್ಟುವುದು ಅಸಾಧ್ಯ. ಆದ್ದರಿಂದ ಅದೇ ರಕ್ತ ಸುತ್ತುತ್ತಿರಲೇಬೇಕು. ಹೋಗುವ ಹಾದಿಯನ್ನೂ ಬರುವ ಹಾದಿಯನ್ನೂ ಬೆಸೆಯುವ ಸೂಕ್ಷ್ಮ ನಾಳಗಳನ್ನು ಕಾಣುವ ಭಾಗ್ಯ ಹಾರ್ವೆಗೆ ದೊರೆಯಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಅವುಗಳನ್ನು ಕಂಡನು.

ಕನ್ನಡದ ಪಠ್ಯಗಳು ಬಳಸುವ ಪದಗಳಲ್ಲಿ ಈ ಶೋಧವೆಲ್ಲ ಅಡಕವಾಗಿದೆ. ‘ಅಪ’ ಎಂದರೆ ದೂರಕ್ಕೆ. ಹೃದಯದಿಂದ ರಕ್ತವನ್ನು ಒಯ್ಯುವುದು ಅಪಧಮನಿ. ಒತ್ತಡವನ್ನು ತಾಳಬೇಕಾದ್ದರಿಂದ ಅದರ ಭಿತ್ತಿ ದಪ್ಪ, ಸ್ಥಿತಿಸ್ಥಾಪಕ. ‘ಅಭಿ’ ಎಂದರೆ ಕಡೆಗೆ. ಹೃದಯದತ್ತ ತರುವುದು ಅಭಿಧಮನಿ. ಅದರ ಭಿತ್ತಿ ತೆಳು. ಕೈಕಾಲುಗಳಲ್ಲಿ ರಕ್ತ ಹಿಂದೆ ಸರಿಯದಂತೆ ಕವಾಟಗಳಿವೆ. ಲೋಮನಾಳವು ಹೆಸರಿಗೆ ಕೂದಲಿನಂಥದು, ವಾಸ್ತವದಲ್ಲಿ ಕೂದಲಿಗಿಂತಲೂ ಸೂಕ್ಷ್ಮ. ಒಂದೇ ಪದರದ ಕೋಶಗಳಿಂದಾದ ಅದರ ಭಿತ್ತಿಯ ಮೂಲಕ ಆಮ್ಲಜನಕ, ಪೋಷಕಾಂಶಗಳ ವಿನಿಮಯ ನಡೆಯುತ್ತದೆ. ಅಪಧಮನಿ ಶುದ್ಧ ರಕ್ತದ್ದು, ಅಭಿಧಮನಿ ಅಶುದ್ಧ ರಕ್ತದ್ದು ಎಂಬ ಶಾಲಾಪಾಠ ಶ್ವಾಸಕೋಶದ ನಾಳಗಳಲ್ಲಿ ತಲೆಕೆಳಗಾಗುತ್ತದೆ. ದಿಕ್ಕನ್ನು ಹೇಳುವ ಪದ ಮಾತ್ರ ಅಲ್ಲಿಯೂ ಸುಳ್ಳಾಗದು.

ಆದರೂ ಈ ಪದಗಳು ಪರೀಕ್ಷೆಯ ಉತ್ತರಪತ್ರಿಕೆಯನ್ನು ದಾಟಿ ಬಂದದ್ದು ಕಡಿಮೆ. ಆಡುಮಾತಿನಲ್ಲಿ ಎಲ್ಲವೂ ‘ನರ’. ಸೂಜಿ ಚುಚ್ಚಲು ನರ ಸಿಗದು ಎಂದಾಗ ಅದು ಅಭಿಧಮನಿ. ಹೃದಯದ ನರದಲ್ಲಿ ತಡೆ ಎಂದಾಗ ಅಪಧಮನಿ. ಮಧುಮೇಹದಿಂದ ನರಕ್ಕೆ ಹಾನಿ ಎಂದಾಗ ಸಂವೇದನೆಯನ್ನು ಒಯ್ಯುವ ನಿಜವಾದ ನರ. ಕಾರ್ಕಳದಿಂದಲೋ ಕಾಪುವಿನಿಂದಲೋ ಆಸ್ಪತ್ರೆಗೆ ಬಂದ ವೃದ್ಧರಿಗೆ ಮೂರೂ ಒಂದೇ ಆಗಿ ಕೇಳಿಸುತ್ತವೆ. ಕಾಯಿಲೆ ಎಲ್ಲಿದೆಯೆಂದು ತಿಳಿಯದವರು ಚಿಕಿತ್ಸೆಗೆ ಒಪ್ಪಿದರೂ ಅದು ಅರಿತು ಕೊಟ್ಟ ಒಪ್ಪಿಗೆಯಾಗದು. ಜಗದ್ದಳ ಸೋಮನಾಥನು ತನ್ನ ಕಾಲಕ್ಕೆ ಮಾಡಿದ ಕೆಲಸವನ್ನು ಈ ಕಾಲಕ್ಕೆ ಮಾಡಬೇಕಾದವರು ವೈದ್ಯರೂ ಭಾಷಾಧ್ಯಾಪಕರೂ ಹೌದು.